ಪುಟಕ್ಕೆ 75 ಸೆಂಟ್

ಆರ್ಟಿಕಲ್‌ಶಿಪ್ ಮಾಡುತ್ತಿದ್ದ ಕಾಲದಲ್ಲಿ ನನ್ನ ಹಿರಿಯರು ಒಂದು ಮಾತು ಹೇಳುತ್ತಿದ್ದರು. ದೊಡ್ಡ ಮೊತ್ತವನ್ನು ಎಲ್ಲರೂ ನೋಡುತ್ತಾರೆ, ನೀನು ‘ಇತರೆ ಖರ್ಚು’ ಎಂದು ಬರೆದಿರುವ ಸಾಲು ನೋಡು ಎಂದು. ಬಿ.ಕಾಂ., ಸಿ.ಎ. ಎರಡರಲ್ಲೂ ಕಲಿತದ್ದರಲ್ಲಿ ಅರ್ಧ ಮರೆತಿದ್ದೇನೆ. ಆ ಮಾತು ಮಾತ್ರ ದೇಶ ಬಿಟ್ಟು ಬಂದ ಮೇಲೂ ಬಿಟ್ಟಿಲ್ಲ.

ಎರಡು ವರ್ಷದ ಹಿಂದೆ ಯುಗಾದಿಗೆ ಕ್ವೀನ್ಸ್‌ನಲ್ಲಿರುವ ನನ್ನ ಷಡ್ಡಕರ ಮನೆಗೆ ಹೋಗಿದ್ದೆವು. ಹೋಳಿಗೆ ಊಟ ಮುಗಿಯಿತು. ಭಾವ ಒಳಗಿನಿಂದ ಒಂದು ಹಾಳೆ ತಂದು ನನ್ನ ಮುಂದಿಟ್ಟರು. “ನೀನು ಲೆಕ್ಕದವನು. ಇದು ಸರಿ ಇದೆಯೇನಯ್ಯಾ, ಸ್ವಲ್ಪ ನೋಡು” ಎಂದರು. ಕೆಂಪು ದೀಪ ದಾಟಿ ನುಗ್ಗಿದ ಕಾರೊಂದು ಅವರ ಕಾರಿಗೆ ಹೊಡೆದು, ಎಡಗಡೆಯ ಕಾಲರ್ ಬೋನ್ ಮುರಿದು, ಅವರು ನಾಲ್ಕು ತಿಂಗಳು ಕೆಲಸಕ್ಕೆ ಹೋಗಿರಲಿಲ್ಲ. ವಕೀಲರನ್ನು ಹಿಡಿದಿದ್ದರು. ಕೇಸು ಕೋರ್ಟಿನ ಮೆಟ್ಟಿಲು ಹತ್ತದೆ ರಾಜಿಯಲ್ಲಿ ಮುಗಿದಿತ್ತು. ಹಾಳೆ ಆ ರಾಜಿಯ ಲೆಕ್ಕ.

ವಿಮಾ ಕಂಪನಿ ಕೊಟ್ಟದ್ದು 42,000 ಡಾಲರ್. ಅದರಲ್ಲಿ ಖರ್ಚು 3,000 ಕಳೆದಿದ್ದರು. ಉಳಿದ 39,000ದಲ್ಲಿ ಮೂರನೇ ಒಂದು ಭಾಗ ವಕೀಲರ ಫೀಸು, 13,000. ಭಾವನ ಕೈಗೆ 26,000. ಕೂಡಿಸಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಕಣ್ಣು ಅಭ್ಯಾಸಬಲದಿಂದ ಖರ್ಚಿನ ಪಟ್ಟಿಗೆ ಹೋಯಿತು. ಆಸ್ಪತ್ರೆಯ ದಾಖಲೆ, 812 ಪುಟ, ಪುಟಕ್ಕೆ 75 ಸೆಂಟಿನಂತೆ 609 ಡಾಲರ್. ಫಿಸಿಯೋಥೆರಪಿಯವರ ದಾಖಲೆ, 236 ಪುಟ, 177 ಡಾಲರ್. ಮೂರು ತಿಂಗಳ ನಂತರ ಅದೇ ಫಿಸಿಯೋಥೆರಪಿ, ಅದೇ 236 ಪುಟ, ಮತ್ತೆ 177. ಎಕ್ಸ್‌ರೇ ತುಂಬಿಸಿದ ಸಿ.ಡಿ.ಗೆ 40. ಒಟ್ಟು 1,003 ಡಾಲರ್. ಖರ್ಚನ್ನು ಮೊದಲು ಕಳೆದು ಆಮೇಲೆ ಪಾಲು ಮಾಡಿದ್ದರಿಂದ ಇದರಲ್ಲಿ ಮೂರರಲ್ಲಿ ಎರಡು ಪಾಲು, ಸುಮಾರು 669 ಡಾಲರ್, ಹೋದದ್ದು ಭಾವನ ಜೇಬಿನಿಂದ.

ಅವರ ಮೂಳೆ ಮುರಿದದ್ದರ ವಿವರ, ಅವರ ರಕ್ತದ ವರದಿ, ಅವರು ನೋವೆಂದು ನರಳಿದ ಗಂಟೆ ನಿಮಿಷ, ಇವನ್ನೆಲ್ಲ ಅವರೇ ದುಡ್ಡು ಕೊಟ್ಟು ಕೊಂಡುಕೊಂಡಿದ್ದರು. ಅದೂ ಕಾಗದದಲ್ಲಿ ಅಲ್ಲ. ವಕೀಲರ ಕಚೇರಿಗೆ ಬಂದದ್ದು ಒಂದು ಪಿ.ಡಿ.ಎಫ್. ಫೈಲು. ಪುಟಕ್ಕೆ 75 ಸೆಂಟ್ ಮೀರಬಾರದು ಎಂದು ನ್ಯೂಯಾರ್ಕ್ ರಾಜ್ಯದ ಕಾನೂನು ಹೇಳುವುದು ಕಾಗದದ ಪ್ರತಿಗೆ. ಇಲ್ಲಿ ಕಾಗದವೇ ಇಲ್ಲ, ದರ ಮಾತ್ರ ಕಾಗದದ್ದು. ಝೆರಾಕ್ಸ್ ಅಂಗಡಿಯವನು ಯಂತ್ರ ಮುಟ್ಟದೆ ಬಿಲ್ಲು ಬರೆದ ಹಾಗೆ.

ಇದು ಸಣ್ಣ ವಿಷಯ ಎಂದು ಭಾವನಿಗೂ ಅನ್ನಿಸಿತ್ತು. “ಹೋಗಲಿ ಬಿಡು, ಸಾವಿರ ಡಾಲರ್ ತಾನೆ, ಕೇಸೇ ಮುಗಿದಿದೆ” ಎಂದರು. ನನಗೆ ಬಿಡಲಾಗಲಿಲ್ಲ. ಅವರ ಹೆಸರಿನಲ್ಲಿ, ಅವರ ಸಹಿಯಲ್ಲಿ, ಅದೇ ಆಸ್ಪತ್ರೆಗೆ ಒಂದು ಅರ್ಜಿ ಹಾಕಿಸಿದೆ. ನನ್ನ ದಾಖಲೆ ನನಗೆ ಎಲೆಕ್ಟ್ರಾನಿಕ್ ರೂಪದಲ್ಲಿ ಬೇಕು, ಅಷ್ಟೇ. ಹನ್ನೊಂದನೆಯ ದಿನ ಬಂತು. ಅವೇ 812 ಪುಟ. ಬೆಲೆ 6 ಡಾಲರ್ 50 ಸೆಂಟ್.

609 ಎಲ್ಲಿ, ಆರೂವರೆ ಎಲ್ಲಿ? ಸರಕು ಒಂದೇ, ಅಂಗಡಿ ಒಂದೇ. ಬೇರೆಯಾದದ್ದು ಅರ್ಜಿಯ ಮೇಲಿನ ಹೆಸರು ಮಾತ್ರ.

ಇದು ಹೇಗೆ ಸಾಧ್ಯ ಎಂಬುದನ್ನು ನಮ್ಮವರು ತಿಳಿದಿರಲೇಬೇಕು ಎಂಬುದು ನನ್ನ ಹಟ. 1996ರಲ್ಲಿ ಅಮೆರಿಕದ ಸಂಸತ್ತು ‘ಹಿಪಾ’ ಎಂಬ ಕಾನೂನು ಮಾಡಿತು. ಅದರ ಅಡಿಯ ನಿಯಮಗಳ ಪ್ರಕಾರ ರೋಗಿಗೆ ತನ್ನ ದಾಖಲೆಯನ್ನು ನೋಡುವ, ಅದರ ಪ್ರತಿ ಪಡೆಯುವ ಹಕ್ಕಿದೆ. ಆಸ್ಪತ್ರೆ 30 ದಿನದೊಳಗೆ ಕೊಡಬೇಕು. ಆಗದಿದ್ದರೆ ಕಾರಣ ಬರೆದು ತಿಳಿಸಿ ಒಂದೇ ಒಂದು ಸಲ ಇನ್ನೂ 30 ದಿನ ತೆಗೆದುಕೊಳ್ಳಬಹುದು. ಶುಲ್ಕವೆಂದು ಕೇಳಬಹುದಾದದ್ದು ಪ್ರತಿ ಮಾಡುವ ಕೂಲಿ, ಸಾಮಗ್ರಿ, ಅಂಚೆಯಂಥ ನಿಜವಾದ ಖರ್ಚು ಮಾತ್ರ. ದಾಖಲೆಯನ್ನು ಹುಡುಕಿ ತೆಗೆದದ್ದಕ್ಕೆ ಕೂಲಿ ಕೇಳುವಂತಿಲ್ಲ. ಕಂಪ್ಯೂಟರಿನಲ್ಲಿರುವ ದಾಖಲೆಯನ್ನು ಕಂಪ್ಯೂಟರಿನಲ್ಲೇ ಕೊಡುವಾಗ ಲೆಕ್ಕ ಹಾಕುವ ಗೋಜು ಬೇಡವೆಂದರೆ 6 ಡಾಲರ್ 50 ಸೆಂಟ್ ಸಾರಾಸಗಟಾಗಿ ತೆಗೆದುಕೊಳ್ಳಬಹುದು ಎಂದು ಸರ್ಕಾರ 2016ರಲ್ಲಿ ತಿಳಿಸಿತು. ಆಸ್ಪತ್ರೆಯ ಬಿಲ್ಲು ಬಾಕಿ ಇದೆ ಎಂಬ ನೆಪದಲ್ಲಿ ದಾಖಲೆ ತಡೆಹಿಡಿಯುವಂತೆಯೂ ಇಲ್ಲ.

ಆದರೆ ಈ ದರ ವಕೀಲರಿಗೆ ಅನ್ವಯಿಸುತ್ತದೆಯೆ? ದಾಖಲೆಯನ್ನು ನೇರವಾಗಿ ನನ್ನ ವಕೀಲರಿಗೆ ಕಳಿಸಿ ಎಂದು ರೋಗಿಯೇ ಬರೆದುಕೊಟ್ಟರೆ ಆಗಲೂ ರೋಗಿಯ ದರವೇ ಎಂದು ಸರ್ಕಾರ ಹೇಳಿತ್ತು. ಆಸ್ಪತ್ರೆಗಳ ಪರವಾಗಿ ದಾಖಲೆ ಪ್ರತಿ ಮಾಡಿಕೊಡುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಗಳಿವೆ. ಅವುಗಳಲ್ಲಿ ಒಂದಾದ ಸಿಯಾಕ್ಸ್ ಹೆಲ್ತ್ ಇದರ ವಿರುದ್ಧ ದಾವೆ ಹೂಡಿತು. 2020ರ ಜನವರಿಯಲ್ಲಿ ವಾಷಿಂಗ್ಟನ್ನಿನ ಫೆಡರಲ್ ನ್ಯಾಯಾಲಯ ಕಂಪನಿಯ ವಾದವನ್ನು ಬಹುಮಟ್ಟಿಗೆ ಒಪ್ಪಿತು. ಅಂದಿನಿಂದ ಅಗ್ಗದ ದರ ರೋಗಿ ತನಗಾಗಿ ಕೇಳಿದಾಗ ಮಾತ್ರ. ಮೂರನೆಯವರಿಗೆ ಕಳಿಸಿ ಎಂದರೆ ಆ ರಕ್ಷಣೆ ಇಲ್ಲ.

ಕಂಪನಿಗಳ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ವಕೀಲರು ಲಾಭಕ್ಕಾಗಿ ಕೆಲಸ ಮಾಡುವವರು, ರೋಗಿಗಾಗಿ ಇಟ್ಟ ಅಗ್ಗದ ದರ ಅವರಿಗೇಕೆ ಎನ್ನುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಲೆಕ್ಕದವನಾಗಿ ನಾನು ಕೇಳುವುದು ಒಂದೇ ಪ್ರಶ್ನೆ: ಈ ಖರ್ಚು ಕೊನೆಗೆ ಯಾರ ಖಾತೆಗೆ ಬೀಳುತ್ತದೆ? ಪೆಟ್ಟು ತಿಂದವರ ಕೇಸಿನಲ್ಲಿ ವಕೀಲರು ಇಂದು ಕೈಯಿಂದ ಹಾಕಿದ್ದನ್ನು ನಾಳೆ ಪರಿಹಾರದ ಹಣದಲ್ಲಿ ಹಿಡಿದುಕೊಳ್ಳುತ್ತಾರೆ. ಬಿಲ್ಲಿನ ಮೇಲೆ ವಕೀಲರ ಹೆಸರು, ಹಣ ರೋಗಿಯದು. ವಕೀಲರಿಂದ ವಸೂಲು ಮಾಡುತ್ತಿದ್ದೇವೆ ಎಂಬುದು ಕಾಗದದ ಮೇಲಿನ ನಿಜ, ಲೆಕ್ಕದ ಪುಸ್ತಕದ ಸುಳ್ಳು.

ವಕೀಲರನ್ನೂ ನಾನು ಸುಮ್ಮನೆ ಬಿಡುವವನಲ್ಲ. ಈ ದರದ ವ್ಯತ್ಯಾಸ ಅವರಿಗೆ ಗೊತ್ತಿಲ್ಲವೆ? ಇದೇ ಕೆಲಸ ದಿನವೂ ಮಾಡುವವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಕ್ಷಿದಾರನಿಗೆ ಒಂದು ಅರ್ಜಿ ಬರೆದುಕೊಟ್ಟು, ಇದಕ್ಕೆ ನೀವೇ ಸಹಿ ಮಾಡಿ ತರಿಸಿಕೊಳ್ಳಿ ಎಂದು ಹೇಳಲು ಎಷ್ಟು ಹೊತ್ತು ಬೇಕು? ಭಾವನ ವಕೀಲರ ಕಚೇರಿಗೆ ಕೇಳಿದಾಗ ಬಂದ ಉತ್ತರ: ನಾವು ಯಾವಾಗಲೂ ಮಾಡುವುದು ಹೀಗೆಯೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ತಾವೇ ಕಳಿಸುತ್ತಾರೆ. ಖರ್ಚು ಹೇಗೂ ವಾಪಸು ಬರುತ್ತದೆ. ಬರುವ ಹಣ ಇನ್ನೊಬ್ಬರದಾದಾಗ ಚೌಕಾಸಿ ಮಾಡುವ ಉಮೇದು ಯಾರಿಗೂ ಇರುವುದಿಲ್ಲ. ಫಿಸಿಯೋಥೆರಪಿಯ ದಾಖಲೆ ಎರಡು ಸಲ ಏಕೆ ಎಂದು ಕೇಳಿದರೆ, ಮೊದಲು ತರಿಸಿದ್ದ ಪ್ರತಿ ಯಾವುದೋ ಫೋಲ್ಡರಿನಲ್ಲಿ ಸೇರಿಹೋಗಿತ್ತಂತೆ. ಕಳೆದದ್ದು ಅವರು, ತೆತ್ತದ್ದು ನಮ್ಮವರು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ವಿಚಾರಣೆಗೆ ದೃಢೀಕರಿಸಿದ ಪ್ರತಿಯೇ ಬೇಕು, ಕಕ್ಷಿದಾರ ತಂದ ಪ್ರತಿ ನಡೆಯುವುದಿಲ್ಲ ಎಂದು ಅವರು ಹೇಳಬಹುದು. ನಿಜ, ಕೋರ್ಟಿನಲ್ಲಿ ಸಾಕ್ಷ್ಯವಾಗಬೇಕಾದರೆ ಅದಕ್ಕೆ ತಕ್ಕ ವಿಧಾನವಿದೆ. ಆದರೆ ಇಂಥ ಕೇಸುಗಳಲ್ಲಿ ಹೆಚ್ಚಿನವು ವಿಚಾರಣೆಯವರೆಗೆ ಹೋಗುವುದೇ ಇಲ್ಲ. ಕೇಸಿನಲ್ಲಿ ಹುರುಳಿದೆಯೆ ಎಂದು ನೋಡಲು, ವಿಮಾ ಕಂಪನಿಯ ಜೊತೆ ಮಾತುಕತೆಗೆ ಕೂರಲು, ಆರೂವರೆ ಡಾಲರಿನ ಪ್ರತಿ ಧಾರಾಳವಾಗಿ ಸಾಕು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಒಬ್ಬ ಲೆಕ್ಕಿಗನ ಗೊಣಗಾಟವಾಗುತ್ತಿತ್ತು. ಭಾವ ಹೇಳಿದಂತೆ ಸಾವಿರ ಡಾಲರ್ ತಾನೆ? ಆದರೆ ಆರೂವರೆ ಡಾಲರಿನ ಪ್ರತಿ ಕೈಗೆ ಬಂದ ಮೇಲೆ ನಾವಿಬ್ಬರೂ ಒಂದು ಶನಿವಾರ ಕಾಫಿ ಇಟ್ಟುಕೊಂಡು ಅದನ್ನು ಓದಲು ಕುಳಿತೆವು. 812 ಪುಟದಲ್ಲಿ ಮುಕ್ಕಾಲು ಪಾಲು ಪುನರಾವರ್ತನೆ. ಒಂದೇ ಔಷಧಿಯ ಪಟ್ಟಿ ಮತ್ತೆ ಮತ್ತೆ, ಮೇಲೆ ಹೆಸರು ಬಿಟ್ಟರೆ ಬೇರೇನೂ ಇಲ್ಲದ ಹಾಳೆಗಳು. ಅವಕ್ಕೂ 75 ಸೆಂಟ್ ತೆತ್ತಾಗಿದೆ. ಮೊದಲ ಹತ್ತು ಪುಟದೊಳಗೆ ಭಾವ ಬೆರಳಿಟ್ಟು ನಿಂತರು.

ತುರ್ತು ವಿಭಾಗದ ನರ್ಸ್ ಬರೆದಿದ್ದ ಸಾಲು ಅದು. ಚಾಲಕ ಸೀಟ್ ಬೆಲ್ಟ್ ಧರಿಸಿರಲಿಲ್ಲ ಎಂದು.

“ನಾನು ಹಾಕಿದ್ದೆ ಕಣೋ” ಎಂದರು. ಬಹಳ ಹೊತ್ತು ಯೋಚಿಸಿದ ಮೇಲೆ ನೆನಪು ಮಾಡಿಕೊಂಡರು. ಬಾಗಿಲು ತೆಗೆಯಲು ಆಗದೆ, ಬೆಲ್ಟ್ ತೆಗೆದುಹಾಕಿ ಪಕ್ಕದ ಸೀಟಿನ ಕಡೆಯಿಂದ ಇಳಿದೆ ಎಂದು ನೋವಿನಲ್ಲಿ ಹೇಳಿದ್ದರಂತೆ. ನಮ್ಮ ಇಂಗ್ಲಿಷು, ಅವರ ಅವಸರ. ಬೆಲ್ಟ್ ತೆಗೆದೆ ಎಂಬುದು ಬೆಲ್ಟ್ ಇರಲಿಲ್ಲ ಎಂದಾಯಿತು. ಇನ್ನೂ ನಲವತ್ತು ಪುಟ ಮುಂದೆ ಹೋದರೆ ವೈದ್ಯರ ಟಿಪ್ಪಣಿ ಸಿಕ್ಕಿತು. ಎಡ ಹೆಗಲಿನಿಂದ ಎದೆಗೆ ಓರೆಯಾಗಿ ಬೆಲ್ಟಿನ ಬಾಸುಂಡೆ ಇದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬೆಲ್ಟ್ ಹಾಕದವನ ಎದೆಯ ಮೇಲೆ ಬೆಲ್ಟಿನ ಬಾಸುಂಡೆ ಎಲ್ಲಿಂದ ಬರಬೇಕು?

ನ್ಯೂಯಾರ್ಕಿನಲ್ಲಿ ಬೆಲ್ಟ್ ಹಾಕಿರಲಿಲ್ಲ ಎಂಬುದನ್ನು ಪರಿಹಾರ ಕಡಿಮೆ ಮಾಡಲು ಎದುರಾಳಿ ಬಳಸಬಹುದು. ಇಲ್ಲಿಯೂ ಬಳಸಿದ್ದರು. ವಕೀಲರ ಫೈಲಿನಲ್ಲಿದ್ದ ವಿಮಾ ಕಂಪನಿಯ ಅಡ್ಜಸ್ಟರನ ಪತ್ರದಲ್ಲಿ ಮೊತ್ತ ತಗ್ಗಿಸಲು ಕೊಟ್ಟ ಕಾರಣಗಳಲ್ಲಿ ಅದೂ ಒಂದು. ವಕೀಲರು ಫೋನಿನಲ್ಲಿ, ಬೆಲ್ಟಿನ ವಿಚಾರದಲ್ಲಿ ಸ್ವಲ್ಪ ತೊಡಕಿದೆ, ಒಪ್ಪಿಕೊಳ್ಳುವುದು ಒಳ್ಳೆಯದು ಎಂದಿದ್ದರಂತೆ. ಭಾವ ಅದನ್ನು ಕಾನೂನಿನ ಯಾವುದೋ ಸೂಕ್ಷ್ಮ ಎಂದುಕೊಂಡು ಸಹಿ ಹಾಕಿದ್ದರು. ದಾಖಲೆ ವಕೀಲರ ಕಚೇರಿಗೆ ಬಂದು ಏಳು ತಿಂಗಳಾಗಿತ್ತು. ಭಾವ ಒಂದು ಪುಟವನ್ನೂ ನೋಡಿರಲಿಲ್ಲ. ನೋಡಿ ಎಂದು ಯಾರೂ ಹೇಳಿರಲಿಲ್ಲ.

ಅಂದರೆ ಆ 812 ಪುಟಗಳನ್ನು ಆಸ್ಪತ್ರೆ ಬರೆಯಿತು, ಪ್ರತಿ ಮಾಡುವ ಕಂಪನಿ ಮಾರಿತು, ವಕೀಲರ ಕಚೇರಿ ಕೊಂಡು ಕಪಾಟಿಗೆ ಸೇರಿಸಿತು, ವಿಮಾ ಕಂಪನಿ ತನಗೆ ಬೇಕಾದ ಒಂದು ಸಾಲನ್ನು ಹೆಕ್ಕಿಕೊಂಡಿತು. ಅದರಲ್ಲಿ ಸುಳ್ಳು ಯಾವುದು, ನಿಜ ಯಾವುದು ಎಂದು ಹೇಳಬಲ್ಲ ಒಬ್ಬನೇ ಒಬ್ಬ ಮನುಷ್ಯನಿಗೆ ಮಾತ್ರ ಅದು ತಲುಪಲಿಲ್ಲ. ಆ ಸಾಲಿನಿಂದ ಎಷ್ಟು ನಷ್ಟವಾಯಿತು ಎಂಬುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ರಾಜಿಗೆ ಸಹಿ ಬಿದ್ದ ಮೇಲೆ ಕೇಳುವವರೂ ಇಲ್ಲ.

ನನ್ನ ಜಗಳ ನಿಜವಾಗಿ ಇರುವುದು ಇಲ್ಲಿ. ಪುಟಕ್ಕೆ ಇಷ್ಟು ಎಂಬ ದರ ಬರೀ ದುಬಾರಿ ಎಂದಲ್ಲ. ಈ ಇಡೀ ಏರ್ಪಾಡು ದಾಖಲೆಯನ್ನು ವಕೀಲರು ಮತ್ತು ವಿಮಾ ಕಂಪನಿಗಳ ನಡುವಿನ ಸರಕಾಗಿ ಮಾಡಿ, ಪೆಟ್ಟು ತಿಂದವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸುತ್ತದೆ. ಯಾವ ಕಂಪನಿಯ ಲೆಕ್ಕವನ್ನೂ ಅದರ ಮಾಲೀಕನಿಗೆ ತೋರಿಸದೆ ನಾನು ಸಹಿ ಮಾಡುವಂತಿಲ್ಲ. ಮನುಷ್ಯನ ಮೈಯ ಲೆಕ್ಕಕ್ಕೆ ಅಷ್ಟು ಮರ್ಯಾದೆಯೂ ಬೇಡವೆ?

ತಪ್ಪು ಬರೆದಿದ್ದರೆ ತಿದ್ದಿ ಎಂದು ಕೇಳುವ ಹಕ್ಕನ್ನೂ ಹಿಪಾ ಕೊಟ್ಟಿದೆ. ಅರ್ಜಿ ಕೊಟ್ಟರೆ 60 ದಿನದೊಳಗೆ ಆಸ್ಪತ್ರೆ ಅದರ ಮೇಲೆ ಕ್ರಮ ಕೈಗೊಳ್ಳಬೇಕು. ಬೇಕಾದರೆ ಕಾರಣ ತಿಳಿಸಿ ಇನ್ನೂ 30 ದಿನ. ತಿದ್ದುವುದಿಲ್ಲ ಎಂದರೆ, ನನ್ನ ಒಪ್ಪಿಗೆ ಇಲ್ಲ ಎಂಬ ನಮ್ಮ ಹೇಳಿಕೆಯನ್ನು ದಾಖಲೆಗೆ ಸೇರಿಸುವಂತೆ ಮಾಡಬಹುದು. ಆದರೆ ಓದದವನು ಏನನ್ನು ತಿದ್ದಿಸಿಯಾನು?

ಸಮಯದ ಮಾತೂ ಇದೆ. ನ್ಯೂಯಾರ್ಕಿನಲ್ಲಿ ಇಂಥ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು. ಕಾರಿನ ಅಪಘಾತದಲ್ಲಿ ಚಿಕಿತ್ಸೆಯ ವೆಚ್ಚವನ್ನು 50,000 ಡಾಲರಿನವರೆಗೆ ತಪ್ಪು ಯಾರದೆಂದು ಕೇಳದೆ ವಿಮೆ ಕೊಡುತ್ತದೆ. ಅದರಾಚೆ ನೋವಿಗೆ, ಸಂಕಟಕ್ಕೆ ಪರಿಹಾರ ಬೇಕೆಂದರೆ ಗಾಯ ಕಾನೂನು ಹೇಳುವ ‘ಗಂಭೀರ’ ವರ್ಗಕ್ಕೆ ಸೇರಬೇಕು. ಮೂಳೆ ಮುರಿದರೆ ಸೇರುತ್ತದೆ. ಮುರಿಯದಿದ್ದರೆ, ಉದಾಹರಣೆಗೆ, ಅಪಘಾತದ ನಂತರದ 180 ದಿನಗಳಲ್ಲಿ ಕನಿಷ್ಠ 90 ದಿನ ದಿನನಿತ್ಯದ ಕೆಲಸ ಮಾಡಲಾಗಲಿಲ್ಲ ಎಂದು ತೋರಿಸಬೇಕು. ಬಾಯಿಮಾತು ನಡೆಯದು, ವೈದ್ಯರ ಕೈಬರಹದ ಬೆಂಬಲ ಬೇಕು. ಬೆನ್ನು ನೋಯುತ್ತಿದ್ದರೂ ‘ಪರವಾಗಿಲ್ಲ ಡಾಕ್ಟರೇ, ಈಗ ಆರಾಮ’ ಎಂದು ಸೌಜನ್ಯಕ್ಕೆ ಹೇಳುವವರು ನಾವು. ಆ ಸೌಜನ್ಯ ‘ರೋಗಿ ಸುಧಾರಿಸಿದ್ದಾನೆ’ ಎಂದು ದಾಖಲೆಯಾಗುತ್ತದೆ. ಮೊದಲ ತಿಂಗಳಲ್ಲೇ ದಾಖಲೆ ತರಿಸಿ ಓದಿದವನು ಮುಂದಿನ ಭೇಟಿಯಲ್ಲಾದರೂ ಬಾಯಿ ಬಿಡುತ್ತಾನೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೀರಿ. ಪೂಜಾರಿಗೆ ದಂಡ ಹಾಕುವವರೂ ಇಲ್ಲಿದ್ದಾರೆ. ರೋಗಿಗೆ ದಾಖಲೆ ಕೊಡದೆ ಸತಾಯಿಸುವ ಆಸ್ಪತ್ರೆಗಳ ಮೇಲೆ ಫೆಡರಲ್ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ 2019ರಿಂದ ಒಂದಾದ ಮೇಲೊಂದು ಕ್ರಮ ಕೈಗೊಂಡಿದೆ. ಮೊದಲನೆಯದು ಫ್ಲಾರಿಡಾದ ಒಂದು ಆಸ್ಪತ್ರೆ. ತಾಯಿಯೊಬ್ಬಳಿಗೆ ಅವಳ ಹುಟ್ಟಲಿರುವ ಮಗುವಿಗೆ ಸಂಬಂಧಿಸಿದ ದಾಖಲೆ ಕೊಡಲು ಒಂಬತ್ತು ತಿಂಗಳಿಗೂ ಹೆಚ್ಚು ಎಳೆದಾಡಿದ್ದಕ್ಕೆ ಅದು 85,000 ಡಾಲರ್ ಕಟ್ಟಿತು. ದೂರು ಕೊಡಲು ವಕೀಲರು ಬೇಡ, ಫೀಸೂ ಇಲ್ಲ. ಬೇಕಾದದ್ದು ನಾವೇ ಹಾಕಿದ ಅರ್ಜಿಯ ಒಂದು ಪ್ರತಿ ಮತ್ತು ತಾರೀಖು.

ಹಾಗಾದರೆ ನಾವು ಏಕೆ ಕೇಳುವುದಿಲ್ಲ? ಇದಕ್ಕೆ ಕಂಪನಿಗಳನ್ನೂ ವಕೀಲರನ್ನೂ ಬೈದರೆ ಸಾಲದು. ಕನ್ನಡ ಕೂಟದಲ್ಲಿ ಮನೆ ಸಾಲದ ಬಡ್ಡಿಯಲ್ಲಿ ಕಾಲು ಪರ್ಸೆಂಟಿಗೆ ಗಂಟೆಗಟ್ಟಲೆ ವಾದಿಸುವವರು ಆಸ್ಪತ್ರೆಯ ಕಿಟಕಿಯ ಮುಂದೆ ಮೂಕರಾಗುತ್ತೇವೆ. ಡಾಕ್ಟರು ಬರೆದದ್ದನ್ನು ಪ್ರಶ್ನಿಸುವುದು ಉದ್ಧಟತನ, ವಕೀಲರಿಗೆ ವಹಿಸಿದ ಮೇಲೆ ನಡುವೆ ಬಾಯಿ ಹಾಕುವುದು ಅಧಿಕಪ್ರಸಂಗ ಎಂದು ಬೆಳೆದವರು. ಹೊರದೇಶದಲ್ಲಿ ವೀಸಾದ ಭಯವೂ ಸೇರಿ, ಎಲ್ಲಿ ಸಹಿ ಅಂದರೆ ಅಲ್ಲಿ ಸಹಿ. ಎದುರಾಳಿಯ ವಿಮಾ ಕಂಪನಿ ಕಳಿಸುವ ಒಪ್ಪಿಗೆ ಪತ್ರಕ್ಕೂ ಓದದೆ ಸಹಿ ಹಾಕಿ, ಹತ್ತು ವರ್ಷದ ಹಿಂದಿನ ಬೆನ್ನುನೋವನ್ನೂ ಅವರ ಕೈಗೆ ಕೊಟ್ಟವರನ್ನು ನಾನು ಬಲ್ಲೆ. ಒಪ್ಪಿಗೆ ಪತ್ರದಲ್ಲಿ ಯಾವ ದಾಖಲೆ, ಯಾರಿಗೆ, ಯಾವ ತಾರೀಖಿನವರೆಗೆ ಎಂದು ಬರೆದಿರಲೇಬೇಕು. ಖಾಲಿ ಚೆಕ್ಕಿಗೆ ಸಹಿ ಹಾಕದವರು ಇದಕ್ಕೇಕೆ ಹಾಕಬೇಕು?

ಊರಿನಲ್ಲಿರುವ ಓದುಗರು, ಇದು ನಿಮ್ಮ ಅಮೆರಿಕದ ಗೋಳು ಎಂದು ಪುಟ ತಿರುವಬೇಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆಯ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ ವೈದ್ಯರು 72 ಗಂಟೆಯೊಳಗೆ ದಾಖಲೆ ಕೊಡಬೇಕು. ಅಮೆರಿಕದ 30 ದಿನದ ಮುಂದೆ ನಮ್ಮದು ಮೂರೇ ದಿನ! ಕಾಗದದ ಮೇಲೆ ನಾವೇ ಮುಂದು. ಆದರೆ ಅಪಘಾತವಾದ ಮೇಲೆ ಪರಿಹಾರದ ಟ್ರಿಬ್ಯೂನಲ್ಲಿಗೆ ಹೋಗುವ ಎಷ್ಟು ಮನೆಗಳಲ್ಲಿ ಡಿಸ್ಚಾರ್ಜ್ ಸಮ್ಮರಿ ಬಿಟ್ಟು ಇನ್ನೊಂದು ಹಾಳೆ ಇರುತ್ತದೆ? ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು ಎಂದಷ್ಟೇ ಆ ನಿಯಮ ಹೇಳುತ್ತದೆ. ಕೇಸು ಎಳೆದಾಡಿ ಕೊನೆಗೆ ಕೇಳಲು ಹೋದರೆ ಹಾಳೆಯೇ ಇಲ್ಲದಿರಬಹುದು. ಇಲ್ಲಿಂದ ತಂದೆತಾಯಿಯ ಆಸ್ಪತ್ರೆಗೆ ಹಣ ಕಳಿಸುವ ನಾವು, ಹಣದ ಜೊತೆ ಒಂದು ಅರ್ಜಿಯನ್ನೂ ಬರೆದು ಕಳಿಸೋಣ.

ನಾನು ಕೇಳುವುದು ಹೆಚ್ಚೇನಲ್ಲ. ಪೆಟ್ಟು ತಿಂದವನ ಹಣದಿಂದ ಕೊನೆಗೆ ಬರುವ ಶುಲ್ಕ ಯಾವುದೇ ಆಗಲಿ, ಅರ್ಜಿಯ ಮೇಲೆ ಯಾರ ಹೆಸರೇ ಇರಲಿ, ಅದು ರೋಗಿಯ ದರವೇ ಆಗಬೇಕು. ಕಾನೂನು ಅಲ್ಲಿಯವರೆಗೆ ಬಾರದಿದ್ದರೆ, ವಕೀಲರು ತಮ್ಮ ಒಪ್ಪಂದದಲ್ಲಿ ‘ದಾಖಲೆ ನಿಮ್ಮ ಹೆಸರಿನಲ್ಲೇ ತರಿಸುತ್ತೇವೆ, ನೀವು ಓದಿದ ಮೇಲೆಯೇ ಮುಂದುವರಿಯುತ್ತೇವೆ’ ಎಂದು ಒಂದು ಸಾಲು ಸೇರಿಸಲಿ. ಸೇರಿಸದವರನ್ನು ಹಿಡಿಯಬೇಡಿ. ಅದೂ ಆಗದಿದ್ದರೆ ಅರ್ಜಿ ನೀವೇ ಹಾಕಿ. ಒಂದು ಪುಟ ಸಾಕು: ಹೆಸರು, ಹುಟ್ಟಿದ ದಿನ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಬಿಲ್ಲುಗಳು ಮತ್ತು ಎಕ್ಸ್‌ರೇ ಚಿತ್ರಗಳೂ ಸೇರಿ, ಎಲೆಕ್ಟ್ರಾನಿಕ್ ರೂಪದಲ್ಲಿ ನನಗೆ ಕೊಡಿ ಎಂದು. ಬಂದ ಮೇಲೆ ಮೊದಲು ನೀವು ಓದಿ, ಆಮೇಲೆ ವಕೀಲರಿಗೆ ಕೊಡಿ.

ಭಾವ ಆ ಸಾಲನ್ನು ತಿದ್ದಿಸಲು ಅರ್ಜಿ ಹಾಕಿದರು. ಕೇಸು ಮುಗಿದಿದೆ, ಇನ್ನೇಕೆ ಭಾವ, ಎಂದು ನಾನೇ ಕೇಳಿದೆ. “ನಾನು ಬೆಲ್ಟ್ ಹಾಕಿದ್ದೆ. ಹಾಕಿರಲಿಲ್ಲ ಎಂದು ನನ್ನ ಹೆಸರಿನ ಕೆಳಗೆ ಏಕಿರಬೇಕು?” ಎಂದರು. ಐವತ್ತೆರಡು ದಿನದ ಮೇಲೆ ಆಸ್ಪತ್ರೆಯಿಂದ ಪತ್ರ ಬಂತು, ತಿದ್ದಿದ್ದೇವೆ ಎಂದು. ಅದಕ್ಕೆ ಅವರು ಒಂದು ಸೆಂಟನ್ನೂ ಕೊಡಬೇಕಾಗಲಿಲ್ಲ.